ಟೆಂಟಿನ ಹೊರಗೆ ಕೂತು ಕೇಳಿದ ಸಿನಿಮಾ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯಲ್ಲಿ 2002ರಿಂದ 2005ರವರೆಗೆ, ಎಂಟನೇ ಕ್ಲಾಸಿನಿಂದ ಎಸ್ಸೆಸ್ಸೆಲ್ಸಿವರೆಗೆ ಓದಿದೆ. ಆಮೇಲೆ ಪಿಯುಸಿ, ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಮಹೋತ್ಸವ ಸಮಿತಿಯವರು ಫೋನ್ ಮಾಡಿ, "ಮಕ್ಕಳಿಗೆ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪ" ಎಂದರು. "ಅದರ ಬಗ್ಗೆ ಮಕ್ಕಳಿಗೆ ನನಗಿಂತ ಜಾಸ್ತಿ ಗೊತ್ತಿರುತ್ತೆ ಸಾರ್, ನಾನು ಸಿನಿಮಾ ಹಾಡಿನ ಬಗ್ಗೆ ಮಾತಾಡಲಾ?" ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನೀನೇನೂ ಹಾಡಲ್ಲ ತಾನೇ?" ಎಂದು ಕೇಳಿದರು. ಹಾಡುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಒಪ್ಪಿಗೆ ಸಿಕ್ಕಿತು. ಆ ಮಾತನ್ನು ಉಳಿಸಿಕೊಳ್ಳುತ್ತೇನೆ, ಹೆದರಬೇಡಿ.

ನಾನು ಹೇಳಬೇಕೆಂದಿರುವುದು ಇಷ್ಟು. ಒಂದು ಸಿನಿಮಾದ ಒಂದು ದೃಶ್ಯ ನಮ್ಮ ಮನಸ್ಸಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಉಳಿದಿದೆ ಎಂದರೆ, ಅದನ್ನು ಉಳಿಸಿಕೊಂಡು ಬಂದಿರುವುದು ಬಹಳ ಸಲ ನಮ್ಮ ಕಿವಿ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಮೊದಲು ನಮ್ಮೂರ ಟೆಂಟಿನಿಂದ ಕಲಿತೆ, ಆಮೇಲೆ ನಮ್ಮ ಅಪ್ಪನಿಂದ ಕಲಿತೆ. ಅಪ್ಪ ಇವತ್ತು ಇಲ್ಲೇ ಮುಂದಿನ ಸಾಲಿನಲ್ಲಿ ಕೂತಿದ್ದಾರೆ. ನಾನು ಹೇಳುತ್ತಿರುವುದು ಅವರಿಗೆ ಪೂರ್ತಿ ಕೇಳಿಸುತ್ತಿಲ್ಲ. ಯಾಕೆ ಎನ್ನುವುದನ್ನು ಮುಂದೆ ಹೇಳುತ್ತೇನೆ.

ಇಲ್ಲಿರುವ ಮಕ್ಕಳು ಟೆಂಟ್ ಸಿನಿಮಾ ನೋಡಿಲ್ಲ. ಈಗ ಪೆಟ್ರೋಲ್ ಬಂಕ್ ಇದೆಯಲ್ಲ, ಆ ಬಯಲಿನಲ್ಲಿ ಸುಗ್ಗಿ ಮುಗಿದ ಮೇಲೆ ಟೂರಿಂಗ್ ಟಾಕೀಸ್ ಬಂದು ನಿಲ್ಲುತ್ತಿತ್ತು. ಸುತ್ತ ತಗಡು, ಮೇಲೆ ಗುಡಾರದ ಬಟ್ಟೆ, ಒಳಗೆ ಮುಂದುಗಡೆ ನೆಲ, ಹಿಂದುಗಡೆ ಬೆಂಚು. ಸಂಜೆ ಮೈಕಿನಲ್ಲಿ ಘಂಟಸಾಲರ ವೆಂಕಟೇಶನ ಭಕ್ತಿಗೀತೆ ಶುರುವಾಯಿತು ಎಂದರೆ ಟಿಕೆಟ್ ಕೊಡುವುದಕ್ಕೆ ಶುರು ಮಾಡಿದರು ಎಂದು ಅರ್ಥ. ಹೊಲದಲ್ಲಿದ್ದವರೂ ಅದನ್ನು ಕೇಳಿ ಕೈಕಾಲು ತೊಳೆದುಕೊಳ್ಳುತ್ತಿದ್ದರು. ನಮ್ಮೂರಲ್ಲಿ ಮಾತ್ರ ಅಲ್ಲ, ಎಷ್ಟೋ ಊರುಗಳ ಟೆಂಟುಗಳಲ್ಲಿ ಇದೇ ಪದ್ಧತಿ ಇತ್ತು ಎಂದು ಬೆಂಗಳೂರಿಗೆ ಹೋದ ಮೇಲೆ ಬೇರೆ ಜಿಲ್ಲೆಯ ಗೆಳೆಯರಿಂದ ತಿಳಿಯಿತು. ಸಿನಿಮಾ ಶುರುವಾಗುವ ಮೊದಲೇ ಹಾಡು ಒಂದು ಕೆಲಸ ಮಾಡಿ ಮುಗಿಸಿರುತ್ತಿತ್ತು.

ನಾವು ಆ ಟೆಂಟಿನ ಬಾಗಿಲಲ್ಲಿ ಶೇಂಗಾ ಮಾರುತ್ತಿದ್ದವರು. ಚಳ್ಳಕೆರೆ ಸೀಮೆಯಲ್ಲಿ ಶೇಂಗಾಕ್ಕೆ ಬರವಿಲ್ಲ. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಅವ್ವ ಶೇಂಗಾ ಹುರಿದು ಪೊಟ್ಟಣ ಕಟ್ಟಿ ಕೊಡುತ್ತಿದ್ದಳು. ನಾನು, ಅಕ್ಕ ಪುಟ್ಟಿ ಇಟ್ಟುಕೊಂಡು ಕೂರುತ್ತಿದ್ದೆವು. ಸಿನಿಮಾ ನಡೆಯುವಾಗ ನಮಗೆ ಒಳಗೆ ಬಿಡುತ್ತಿರಲಿಲ್ಲ. ಇಂಟರ್‌ವಲ್ ಬಿಟ್ಟಾಗ ಹತ್ತು ನಿಮಿಷ ಒಳಗೆ ಹೋಗಿ ಮಾರಿ ಬರಬಹುದು. ಅಂದರೆ ಲೈಟು ಹಾಕಿದಾಗ ನಾನು ಒಳಗೆ, ಲೈಟು ಆರಿಸಿದಾಗ ಹೊರಗೆ. ನಾಲ್ಕನೇ ಕ್ಲಾಸಿನಿಂದ ಆರನೇ ಕ್ಲಾಸಿನವರೆಗೆ ಆ ಟೆಂಟಿನಲ್ಲಿ ನಾನು ನೋಡಿದ್ದು ಬರೀ ಬಿಳಿ ಪರದೆ. ಆದರೆ ಹಳೆಯ ರಾಜ್‌ಕುಮಾರ್ ಚಿತ್ರಗಳನ್ನೆಲ್ಲ ಪೂರ್ತಿ ಕೇಳಿದ್ದೇನೆ, ಒಂದೊಂದನ್ನು ಐದಾರು ಸಲ.

ಹೊರಗೆ ಕೂತು ಕೇಳಿದರೆ ಮಾತು ಅಷ್ಟಾಗಿ ತಿಳಿಯುವುದಿಲ್ಲ. ಜನರ ಗಲಾಟೆ, ಜನರೇಟರಿನ ಸದ್ದು ಎಲ್ಲ ಸೇರಿ ಕಲಸಿಹೋಗುತ್ತದೆ. ಆದರೆ ಸಂಗೀತ ಕಲಸುವುದಿಲ್ಲ. ಪಿಟೀಲು ಎಳೆದರೆ ಏನೋ ಕೆಟ್ಟದ್ದು ಆಗುತ್ತಿದೆ. ಕೊಳಲು ಬಂದರೆ ಹೊಲವೋ ಹೊಳೆಯೋ ಇದೆ. ತಬಲ ಜೋರಾದರೆ ಯಾರೋ ಓಡುತ್ತಿದ್ದಾರೆ. ಹೀಗೆ ನಾನೇ ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಳ್ಳುತ್ತಿದ್ದೆ.

ಒಂದು ವಿಷಯ ಮಾತ್ರ ನನಗೆ ಬಗೆಹರಿದಿರಲಿಲ್ಲ. ರಾಜ್‌ಕುಮಾರ್ ಮಾತಾಡುವಾಗ ಒಂದು ದನಿ, ಹಾಡುವಾಗ ಇನ್ನೊಂದು ದನಿ. ಪರದೆ ಕಾಣುವವರಿಗೆ ಇದು ತೊಂದರೆ ಕೊಡುವುದಿಲ್ಲ, ಯಾಕೆಂದರೆ ತುಟಿ ಅವರದ್ದೇ. ನನಗೆ ತುಟಿ ಕಾಣುತ್ತಿರಲಿಲ್ಲವಲ್ಲ! ಹಾಗಾಗಿ ಕತೆಯಲ್ಲಿ ಇನ್ನೊಬ್ಬ ಮನುಷ್ಯ ಇದ್ದಾನೆ, ನಾಯಕನಿಗೆ ಖುಷಿಯೋ ದುಃಖವೋ ಆದಾಗ ಬಂದು ಹಾಡಿ ಹೋಗುವುದೇ ಅವನ ಕೆಲಸ ಎಂದು ತೀರ್ಮಾನ ಮಾಡಿದ್ದೆ. ಆ ಮನುಷ್ಯನ ಹೆಸರು ಪಿ.ಬಿ. ಶ್ರೀನಿವಾಸ್ ಎಂದು ಬಹಳ ವರ್ಷದ ಮೇಲೆ ಗೊತ್ತಾಯಿತು. ಆಮೇಲೆ ಒಂದು ದಿನ ಟೆಂಟಿಗೆ 'ಸಂಪತ್ತಿಗೆ ಸವಾಲ್' ಬಂತು. 1974ರ ಚಿತ್ರ, ಸಂಗೀತ ಜಿ.ಕೆ. ವೆಂಕಟೇಶ್. ಎಮ್ಮೆಯ ಮೇಲೆ ಕೂತು ಹಾಡುವ ಆ ಹಾಡು ಶುರುವಾಯಿತು ನೋಡಿ, ಮಾತಾಡುತ್ತಿದ್ದವನೇ ಹಾಡುತ್ತಿದ್ದ! ನಾನು ಅಕ್ಕನ ಕೈ ಹಿಡಿದು, "ಇವತ್ತು ಆ ಮನುಷ್ಯ ಬಂದಿಲ್ಲ, ರಾಜ್‌ಕುಮಾರೇ ಹಾಡ್ತಾ ಇದಾರೆ" ಎಂದೆ. ಅದು ನಿಜವಾಗಿತ್ತು. ಅದಕ್ಕೂ ಮೊದಲು ಅವರು ಅಪರೂಪಕ್ಕೆ ಹಾಡಿದ್ದರೂ, ಆ ಚಿತ್ರದಿಂದಲೇ ತಮ್ಮ ಹಾಡುಗಳನ್ನು ತಾವೇ ಹಾಡುವ ಗಾಯಕರಾದರು. ಎಮ್ಮೆ ಇತ್ತು ಎನ್ನುವುದು ಮಾತ್ರ ನನಗೆ ಆಮೇಲೆ ತಿಳಿಯಿತು. ನಾನು ಎತ್ತಿನ ಗಾಡಿ ಎಂದುಕೊಂಡಿದ್ದೆ.

ಈಗ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. 'ಕಸ್ತೂರಿ ನಿವಾಸ'. 1971ರ ಚಿತ್ರ. ನಿರ್ದೇಶನ ದೊರೈ ಭಗವಾನ್ ಜೋಡಿ, ಸಂಗೀತ ಮತ್ತೆ ಜಿ.ಕೆ. ವೆಂಕಟೇಶ್. ಕೊಟ್ಟು ಕೊಟ್ಟು ಬರಿಗೈಯಾಗುವ ಒಬ್ಬ ದೊಡ್ಡ ಮನುಷ್ಯನ ಕತೆ. ಕೊನೆಗೆ ಮನೆಗೆ ಬಂದವರಿಗೆ ಊಟಕ್ಕಿಡಲು ಏನೂ ಇಲ್ಲದೆ, ತಾನು ಸಾಕಿದ ಪಾರಿವಾಳವನ್ನೇ ಕಳೆದುಕೊಳ್ಳುತ್ತಾನೆ. ಬಂದವರು ಕೇಳಲು ಬಂದದ್ದು ಅದೇ ಪಾರಿವಾಳವನ್ನು.

ಆ ಚಿತ್ರದಲ್ಲಿ ಒಂದು ಬೊಂಬೆಯ ಹಾಡು ಇದೆ. ಇಲ್ಲಿರುವ ಹಿರಿಯರಿಗೆಲ್ಲ ಗೊತ್ತು, ಈಗಲೇ ಕೆಲವರ ತುಟಿ ಅಲ್ಲಾಡುತ್ತಿರುವುದು ನನಗೆ ಇಲ್ಲಿಂದ ಕಾಣುತ್ತಿದೆ. ಎಷ್ಟು ತಳ್ಳಿದರೂ ಮತ್ತೆ ತಲೆಯೆತ್ತಿ ನಿಲ್ಲುವ ಬೊಂಬೆ. ಮೊದಲ ಸಲ ಬಂದಾಗ ಅದು ಮಗುವಿನ ಆಟದ ಹಾಡು. ಕೇಳುವವರಿಗೆ ಹಗುರ ಅನ್ನಿಸುತ್ತದೆ. ಚಿತ್ರದ ಕೊನೆಯ ಭಾಗದಲ್ಲಿ ಅದೇ ಧಾಟಿ ಮತ್ತೆ ಬರುತ್ತದೆ. ಮಾತು ಬೇರೆ, ದನಿಯಲ್ಲಿ ಅಳು ಇದೆ. ಧಾಟಿ ಅದೇ. ಆಟ ಮುಗಿದಿದೆ.

ಟೆಂಟಿನ ಹೊರಗೆ ಕೂತ ಹುಡುಗನಿಗೆ ಕತೆ ಗೊತ್ತಿಲ್ಲ, ಪಾರಿವಾಳ ಗೊತ್ತಿಲ್ಲ. ಆದರೆ ಆ ಧಾಟಿ ಎರಡನೆಯ ಸಲ ಬಂದಾಗ ನನಗೆ ಅಳು ಬಂತು. ಯಾಕೆ ಅಳುತ್ತಿದ್ದೇನೆ ಎಂದು ಗೊತ್ತಿರಲಿಲ್ಲ. ಒಳಗಿನ ಗಲಾಟೆಯೂ ನಿಂತಿತ್ತು. ಒಳಗೆ ನೋಡುತ್ತಿದ್ದ ನಾಲ್ಕುನೂರು ಜನಕ್ಕೂ ಹೊರಗೆ ನೋಡದೆ ಕೂತ ನನಗೂ ಅದೇ ಜಾಗದಲ್ಲಿ ಅದೇ ಆಯಿತು. ಇದನ್ನು ನೀವು ಯೋಚನೆ ಮಾಡಿ. ನಾಯಕ ಎಷ್ಟು ಕಳೆದುಕೊಂಡ ಎಂದು ಪಾತ್ರಗಳು ಮಾತಿನಲ್ಲಿ ಹೇಳಿದರೆ ಹತ್ತು ನಿಮಿಷ ಬೇಕು. ಆ ಧಾಟಿ ಮೊದಲ ನಾಲ್ಕು ಸ್ವರದಲ್ಲೇ ಹೇಳಿಬಿಡುತ್ತದೆ, ಯಾಕೆಂದರೆ ನಾವು ಮೊದಲು ಅದನ್ನು ಸುಖದಲ್ಲಿ ಕೇಳಿದ್ದೇವೆ. ಎರಡನೆಯ ಸಲ ಕೇಳುವಾಗ ಆ ಸುಖವೂ ಜೊತೆಗೇ ನೆನಪಾಗುತ್ತದೆ. ಹೋಲಿಸಿ ನೋಡುವ ಕೆಲಸವನ್ನು ನಮ್ಮ ಕಿವಿಯೇ ಮಾಡುತ್ತದೆ.

ಅವತ್ತು ರಾತ್ರಿ ಮನೆಗೆ ಹೋದ ಮೇಲೆ ಅಪ್ಪನನ್ನು ಕೇಳಿದೆ. ಅಪ್ಪ ಆ ಚಿತ್ರವನ್ನು ಮದುವೆಗೆ ಮೊದಲೇ ಚಳ್ಳಕೆರೆಯಲ್ಲಿ ನೋಡಿದ್ದರು. ಅವರು ಒಂದೊಂದೇ ದೃಶ್ಯ ಹೇಳುತ್ತಾ ಹೋದರು. ನಾನು ಮಧ್ಯೆ ಬಾಯಿ ಹಾಕಿ, "ಇಲ್ಲಿ ಪಿಟೀಲು ಬಂತು", "ಇಲ್ಲಿ ಹಾಡು ಬಂತು" ಎನ್ನುತ್ತಿದ್ದೆ. ಅವರ ಹತ್ತಿರ ಚಿತ್ರ ಇತ್ತು, ನನ್ನ ಹತ್ತಿರ ಸದ್ದು ಇತ್ತು. ಇಬ್ಬರೂ ಸೇರಿಸಿ ಒಂದು ಸಿನಿಮಾ ಮಾಡಿಕೊಂಡೆವು. ಆಮೇಲೆ ಎಷ್ಟೋ ಸಿನಿಮಾಗಳನ್ನು ನಾವು ಹೀಗೇ ನೋಡಿದೆವು.

ಮಕ್ಕಳಿಗೆ ಇಲ್ಲೊಂದು ಕೆಲಸದ ವಿಷಯ ಹೇಳುತ್ತೇನೆ, ಇಂಜಿನಿಯರ್ ಅಲ್ಲವೇ! ಸಿನಿಮಾದಲ್ಲಿ ಸಂಗೀತ ಎರಡು ಹೊತ್ತಿನಲ್ಲಿ ತಯಾರಾಗುತ್ತದೆ. ಹಾಡನ್ನು ಸಾಮಾನ್ಯವಾಗಿ ಶೂಟಿಂಗ್‌ಗೆ ಮೊದಲೇ ಧ್ವನಿಮುದ್ರಣ ಮಾಡುತ್ತಾರೆ. ಶೂಟಿಂಗ್ ಜಾಗದಲ್ಲಿ ಅದನ್ನು ಸ್ಪೀಕರಿನಲ್ಲಿ ಹಾಕುತ್ತಾರೆ, ನಟರು ಅದಕ್ಕೆ ತುಟಿ ಸೇರಿಸುತ್ತಾರೆ, ಕ್ಯಾಮೆರಾ ಅದರ ಲಯಕ್ಕೆ ಓಡಾಡುತ್ತದೆ. ಅಂದರೆ ಹಾಡಿನಲ್ಲಿ ಚಿತ್ರ ಸಂಗೀತದ ಹಿಂದೆ ಹೋಗುತ್ತದೆ. ಹಿನ್ನೆಲೆ ಸಂಗೀತ ಹಾಗಲ್ಲ. ಎಲ್ಲ ಶೂಟಿಂಗ್ ಮುಗಿದು, ಕತ್ತರಿಸಿ ಜೋಡಿಸಿದ ಮೇಲೆ, ಸಂಗೀತ ನಿರ್ದೇಶಕರು ಪರದೆ ನೋಡಿಕೊಂಡು ಅದನ್ನು ಕೂಡಿಸುತ್ತಾರೆ. ಅಲ್ಲಿ ಸಂಗೀತ ಚಿತ್ರದ ಹಿಂದೆ ಹೋಗುತ್ತದೆ. ಒಳ್ಳೆಯ ಚಿತ್ರಗಳಲ್ಲಿ ಈ ಎರಡೂ ಒಂದಕ್ಕೊಂದು ಕೈ ಕೊಡುತ್ತವೆ. ಹಾಡಿನಲ್ಲಿ ಕೇಳಿದ ಧಾಟಿಯ ಒಂದು ಚೂರು ಆಮೇಲೆ ಕೊಳಲಿನಲ್ಲೋ ವೀಣೆಯಲ್ಲೋ ಹಿನ್ನೆಲೆಯಲ್ಲಿ ಬರುತ್ತದೆ. ಪಾತ್ರ ಬಾಯಿ ಬಿಡದಿದ್ದರೂ ಅವನು ಯಾರನ್ನು ನೆನೆಯುತ್ತಿದ್ದಾನೆ ಎಂದು ನಮಗೆ ಗೊತ್ತಾಗುತ್ತದೆ.

ಸಿನಿಮಾದಲ್ಲಿ ಜನ ಯಾಕೆ ಇದ್ದಕ್ಕಿದ್ದಂತೆ ಹಾಡುತ್ತಾರೆ ಎಂದು ಬೆಂಗಳೂರಿನ ನನ್ನ ಕೆಲವು ಸಹೋದ್ಯೋಗಿಗಳು ನಗುತ್ತಾರೆ. ನಮ್ಮ ಸೀಮೆಯಲ್ಲಿ ಬಯಲಾಟ ನೋಡಿದವರು ಹಾಗೆ ನಗುವುದಿಲ್ಲ. ನಮ್ಮ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ನಾಟಕದಿಂದ ಬಂದವರು. ರಾಜ್‌ಕುಮಾರ್ ಅವರೂ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ನಾಟಕದಲ್ಲಿ ಮಾತು ಸಾಲದಿದ್ದಾಗ ರಂಗಗೀತೆ ಬರುತ್ತಿತ್ತು. ಅದೇ ಸಿನಿಮಾಕ್ಕೂ ಬಂತು.

ಇದಕ್ಕೆ ನಮ್ಮ ಜಿಲ್ಲೆಯದೇ ಉದಾಹರಣೆ ಕೊಡುತ್ತೇನೆ. ಒಂಬತ್ತನೇ ಕ್ಲಾಸಿನಲ್ಲಿ ನಮ್ಮನ್ನು ದುರ್ಗದ ಕೋಟೆಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಒನಕೆ ಓಬವ್ವನ ಕಿಂಡಿಯ ಹತ್ತಿರ ನಿಂತೆವು. ನಿಜ ಹೇಳಬೇಕೆಂದರೆ ಮೊದಲು ನಿರಾಸೆಯಾಯಿತು. ಎರಡು ಬಂಡೆಯ ನಡುವೆ ಒಬ್ಬ ನುಸುಳುವಷ್ಟು ಸಂದಿ, ಅಷ್ಟೇ. ಇಷ್ಟು ಸಣ್ಣದಾ ಎಂದು ಎಲ್ಲರೂ ಮುಖ ಮುಖ ನೋಡಿಕೊಂಡೆವು. ಅಷ್ಟರಲ್ಲಿ ಹಿಂದಿನಿಂದ ಯಾರೋ ಒಬ್ಬಳು 'ನಾಗರಹಾವು' ಚಿತ್ರದ ಓಬವ್ವನ ಹಾಡು ಗುನುಗಲು ಶುರು ಮಾಡಿದಳು. ಒಬ್ಬೊಬ್ಬರೇ ಸೇರಿಕೊಂಡು ಎಪ್ಪತ್ತು ಮಕ್ಕಳೂ ಹಾಡಿದೆವು. ಮೇಷ್ಟ್ರು ತಡೆಯಲಿಲ್ಲ, ಅವರೂ ಹಾಡುತ್ತಿದ್ದರು. ಹಾಡು ಮುಗಿಯುವ ಹೊತ್ತಿಗೆ ಆ ಕಿಂಡಿ ನಮಗೆ ದೊಡ್ಡದಾಗಿ ಕಾಣುತ್ತಿತ್ತು. ಬಂಡೆಗೆ ಆತು ನಿಂತ ಒಬ್ಬ ಹೆಂಗಸು, ಅವಳ ಕೈಯಲ್ಲಿ ಒನಕೆ, ಒಬ್ಬೊಬ್ಬರಾಗಿ ನುಸುಳುವ ಹೈದರಾಲಿಯ ಸೈನಿಕರು, ಎಲ್ಲ ಅಲ್ಲೇ ಇದ್ದಂತಾಯಿತು.

1972ರ ಆ ಚಿತ್ರವನ್ನು ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ ಮಾಡಿದರು. ಸಂಗೀತ ವಿಜಯಭಾಸ್ಕರ್. ಓಬವ್ವನ ಪಾತ್ರದಲ್ಲಿ ಜಯಂತಿ. ಆ ದೃಶ್ಯದಲ್ಲಿ ಹಾಡುತ್ತಿರುವವರು ಯಾರು ಎಂದು ಗಮನಿಸಿ. ಓಬವ್ವ ಹಾಡುವುದಿಲ್ಲ, ಅವಳ ಗಂಡ ಹಾಡುವುದಿಲ್ಲ. ಕತೆಯ ಹೊರಗೆ ನಿಂತ ದನಿಯೊಂದು ಅವಳ ಸಾಹಸವನ್ನು ಹಾಡಿ ಹೇಳುತ್ತದೆ, ಬಯಲಾಟದ ಭಾಗವತರ ಹಾಗೆ, ಲಾವಣಿ ಹೇಳುವವರ ಹಾಗೆ. ಚಿತ್ರದಲ್ಲಿ ಅವಳು ಇರುವುದು ಕೆಲವೇ ನಿಮಿಷ. ಆದರೂ ಕರ್ನಾಟಕದಲ್ಲಿ ಓಬವ್ವ ಎಂದರೆ ಇವತ್ತಿಗೂ ಎಷ್ಟೋ ಜನರಿಗೆ ಮೊದಲು ನೆನಪಾಗುವುದು ಆ ಹಾಡು, ಆಮೇಲೆ ಪಾಠ. ಸಮಾಜ ವಿಜ್ಞಾನದ ಮೇಷ್ಟ್ರು ಕ್ಷಮಿಸಬೇಕು.

ಹಾಗೆಂದು ಎಲ್ಲ ಕಡೆ ಹಾಡು ಇರಬೇಕು ಎಂದು ನಾನು ಹೇಳುತ್ತಿಲ್ಲ. ಇಂಜಿನಿಯರಿಂಗ್ ಓದುವಾಗ ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' ನೋಡಿದೆ. 1977ರ ಚಿತ್ರ. ಅದಕ್ಕೆ ಬಿ.ವಿ. ಕಾರಂತರ ಸಂಗೀತ, ಆ ಕೆಲಸಕ್ಕೆ ಅವರಿಗೆ ರಾಷ್ಟ್ರ ಪ್ರಶಸ್ತಿಯೂ ಬಂತು. ನಾನು ಹಾಡು ಬರುತ್ತದೆ ಬರುತ್ತದೆ ಎಂದು ಕಾಯುತ್ತಾ ಕೂತಿದ್ದೆ. ಬರಲೇ ಇಲ್ಲ. ಕೊನೆಯಲ್ಲಿ, ತಲೆ ಬೋಳಿಸಿ ಊರಿಂದ ಹೊರಗೆ ಹಾಕಿದ ಯಮುನಕ್ಕ ಮರದ ಬುಡದಲ್ಲಿ ಒಬ್ಬಳೇ ಕೂತಿರುತ್ತಾಳೆ. ಅವಳನ್ನು ಅಷ್ಟು ಹಚ್ಚಿಕೊಂಡಿದ್ದ ಹುಡುಗ ಅಪ್ಪನ ಜೊತೆ ಊರು ಬಿಟ್ಟು ಹೋಗುತ್ತಾ ನೋಡುತ್ತಾನೆ. ಅಲ್ಲಿ ಯಾರಾದರೂ ಹಾಡಿದ್ದರೆ ನಮಗೆ ಸಮಾಧಾನ ಆಗಿಬಿಡುತ್ತಿತ್ತು. ಹಾಡು ಒಂದು ಥರದ ಸಾಂತ್ವನ. ಆ ಸಾಂತ್ವನವನ್ನು ಕೊಡಬಾರದು ಎಂದು ತಿಳಿದವರು ಮಾಡಿದ ಚಿತ್ರ ಅದು.

ಇನ್ನೊಂದು ಕಡೆ ಇದಕ್ಕೆ ಉಲ್ಟಾ ನಡೆದಿದೆ. ಹಿಚ್‌ಕಾಕ್ ಎಂಬ ಪ್ರಸಿದ್ಧ ನಿರ್ದೇಶಕರ 1960ರ 'ಸೈಕೋ' ಚಿತ್ರದಲ್ಲಿ ಸ್ನಾನದ ಮನೆಯ ಕೊಲೆಯ ದೃಶ್ಯವಿದೆ. ಅಲ್ಲಿ ಸಂಗೀತವೇ ಬೇಡ ಎಂದು ಅವರು ಮೊದಲು ಹೇಳಿದ್ದರು. ಸಂಗೀತಗಾರ ಬರ್ನಾರ್ಡ್ ಹರ್ಮನ್ ಮಾತು ಮೀರಿ ಬರೀ ತಂತಿವಾದ್ಯಗಳಿಂದ ಕೀರಲು ದನಿಯ ಸಂಗೀತ ಮಾಡಿ ಕೇಳಿಸಿದರು. ನಿರ್ದೇಶಕರು ತಮ್ಮ ಅಭಿಪ್ರಾಯ ಬದಲಿಸಿಕೊಂಡರು. ಇವತ್ತು ಆ ದೃಶ್ಯ ನೋಡದವರಿಗೂ ಆ ಸದ್ದು ಗೊತ್ತು.

ಮಕ್ಕಳೇ, ನೀವು ಇವತ್ತು ಮನೆಗೆ ಹೋಗಿ ಒಂದು ಪ್ರಯೋಗ ಮಾಡಿ. ನಿಮಗೆಲ್ಲ 'ಕಾಂತಾರ' ಗೊತ್ತು, 2022ರದ್ದು, ಅಜನೀಶ್ ಲೋಕನಾಥ್ ಸಂಗೀತ. ಅದರ ಕೊನೆಯ ಭಾಗವನ್ನು ಸದ್ದು ಬಂದ್ ಮಾಡಿ ನೋಡಿ. ಆಮೇಲೆ ಕಣ್ಣು ಮುಚ್ಚಿ ಬರೀ ಕೇಳಿ. ಯಾವುದರಲ್ಲಿ ಮೈ ಜುಮ್ಮೆನ್ನುತ್ತದೆ ಎಂದು ನೀವೇ ಬರೆದಿಡಿ. ವಿಜ್ಞಾನದ ಮೇಡಂ ಇದಕ್ಕೆ ಅಂಕ ಕೊಟ್ಟರೂ ಕೊಡಬಹುದು.

ನಮ್ಮ ವಯಸ್ಸಿನವರಿಗೆ ಇಂಥ ಚಿತ್ರ 'ಮುಂಗಾರು ಮಳೆ'. 2006ರ ಡಿಸೆಂಬರ್ ಕೊನೆಯಲ್ಲಿ ಬಂತು. ನಾನು ಆಗ ಸೆಕೆಂಡ್ ಪಿಯುಸಿ. ಆ ಚಿತ್ರದ ಮಳೆ, ಮೇಲಿನಿಂದ ಕಾಣುವ ಜೋಗ, ಜಯಂತ ಕಾಯ್ಕಿಣಿಯವರು ಬರೆದ ಹಾಡು, ಇವನ್ನು ಒಂದರಿಂದ ಒಂದನ್ನು ಬಿಡಿಸಲು ಆಗುವುದಿಲ್ಲ. ನನ್ನ ಗೆಳೆಯನೊಬ್ಬ ಅಮೆರಿಕದಲ್ಲಿದ್ದಾನೆ. ಅಲ್ಲಿ ಮಳೆ ಬಂದರೂ ಅವನಿಗೆ ಕೇಳುವುದು ಅದೇ ಹಾಡಂತೆ. ಅದಕ್ಕೆ ಸಂಗೀತ ಕೊಟ್ಟ ಮನೋಮೂರ್ತಿಯವರು ಅಮೆರಿಕದಲ್ಲಿ ಸಾಫ್ಟ್‌ವೇರ್ ಕ್ಷೇತ್ರದಲ್ಲಿ ದುಡಿದವರು. ನಮ್ಮ ಕಸುಬಿನವರು ಒಬ್ಬರು ಅಂಥ ಕೆಲಸ ಮಾಡಿದ್ದಾರೆ ಎಂದು ಕಾಲೇಜಿನಲ್ಲಿ ನಾವು ಬೀಗುತ್ತಿದ್ದೆವು, ನಮ್ಮ ಇಂಟರ್ನಲ್ಸ್ ಅಂಕ ಎಷ್ಟೇ ಕಮ್ಮಿ ಇದ್ದರೂ.

ಈಗ ಅಪ್ಪನ ವಿಷಯ ಹೇಳುತ್ತೇನೆ.

ಅಪ್ಪ ಎಣ್ಣೆ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದರು. ಶೇಂಗಾ ಸಿಪ್ಪೆ ಬಿಡಿಸುವ ಮಿಷನ್, ಗಾಣ, ಮೋಟಾರು, ಎಲ್ಲ ಒಂದೇ ಶೆಡ್ಡಿನಲ್ಲಿ. ಆ ಸದ್ದಿನಲ್ಲಿ ಕಿವಿಗೆ ಏನಾದರೂ ಹಾಕಿಕೊಳ್ಳಬೇಕು ಎಂದು ಅವರಿಗೆ ಯಾರೂ ಹೇಳಲಿಲ್ಲ. 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ದಿನಾ ಎಂಟು ಗಂಟೆ ವರ್ಷಗಟ್ಟಲೆ ಇದ್ದರೆ ಒಳಕಿವಿಯ ಸಣ್ಣ ರೋಮಕೋಶಗಳು ಸಾಯುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತಾರಕದ ಸದ್ದು. ಸ, ಶ, ತ, ಕ ಮುಂತಾದ ಅಕ್ಷರಗಳು ಕೇಳಿಸುವುದಿಲ್ಲ, ಮಾತಿನ ಗುನುಗು ಮಾತ್ರ ಕೇಳಿಸುತ್ತದೆ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಪ್ಪನಿಗೆ ಹಾಗಾಗಿತ್ತು. ಕಿವಿ ಕೇಳದವರು ಜೋರಾಗಿ ಮಾತಾಡುತ್ತಾರೆ. ಒಂಬತ್ತನೇ ಕ್ಲಾಸಿನಲ್ಲಿ ಪೋಷಕರ ಸಭೆಗೆ ಅಪ್ಪ ಬಂದಿದ್ದರು. ಮೇಷ್ಟ್ರು ಕೇಳಿದ್ದಕ್ಕೆ ಬೇರೇನೋ ಉತ್ತರ ಕೊಟ್ಟರು, ಅದೂ ಕೂಗಿ. ಹುಡುಗರು ನಕ್ಕರು. ನಾನು ಕಿಟಕಿಯ ಕಡೆ ನೋಡುತ್ತಾ ನಿಂತೆ, ಅವರು ನನ್ನ ಅಪ್ಪ ಅಲ್ಲ ಎನ್ನುವ ಹಾಗೆ. ಆ ಕಿಟಕಿ ಇವತ್ತಿಗೂ ಅಲ್ಲೇ ಇದೆ. ಬೆಳಿಗ್ಗೆ ಬಂದಾಗ ನೋಡಿದೆ.

2011ರಲ್ಲಿ ಕೆಲಸ ಸಿಕ್ಕಿತು. ಮೊದಲ ಕೆಲವು ತಿಂಗಳ ಸಂಬಳ ಕೂಡಿಸಿ ಅಪ್ಪನಿಗೆ ಕಿವಿಯ ಮಿಷನ್ ಕೊಡಿಸಿದೆ. ಹದಿನೈದು ದಿನ ಹಾಕಿಕೊಂಡರು. ಆಮೇಲೆ ಡಬ್ಬಿಯಲ್ಲಿಟ್ಟರು. ನನಗೆ ಸಿಟ್ಟು ಬಂತು. ಅಷ್ಟು ದುಡ್ಡು ಕೊಟ್ಟಿದ್ದೇನೆ ಎಂದು ಕೂಗಾಡಿದೆ. ಅಪ್ಪ ಹೇಳಿದ್ದು ಇಷ್ಟೇ: "ಮಾತು ಕೇಳುಸ್ತೈತೆ ಕಣಪ್ಪ. ಹಾಡು ಕೇಳುಸಲ್ಲ. ಡಬ್ಬ ಬಡಿದಂಗಾಗ್ತೈತೆ." ಹಾಡು ಕೇಳದಿದ್ದರೆ ಏನು ಲೋಕ ಮುಳುಗುತ್ತದೆ ಎಂದು ನಾನು ಅಂದುಕೊಂಡೆ. ಹಳ್ಳಿಯವರು, ಮಿಷನ್ ರೂಢಿಯಾಗಿಲ್ಲ ಎಂದು ತೀರ್ಮಾನ ಮಾಡಿಬಿಟ್ಟೆ.

2020ರ ಲಾಕ್‌ಡೌನಿನಲ್ಲಿ ನಾನು ಮಾಡುತ್ತಿದ್ದ ಕೆಲಸ ವಿಡಿಯೋ ಕಾಲ್ ಸಾಫ್ಟ್‌ವೇರ್. ಅದರಲ್ಲಿ ಗದ್ದಲ ಸೋಸುವ ಒಂದು ಭಾಗ ಇರುತ್ತದೆ. ಮನೆಯ ಮಿಕ್ಸಿ, ಫ್ಯಾನು, ನಾಯಿ ಬೊಗಳುವುದು ಇವನ್ನೆಲ್ಲ ತೆಗೆದು ಮಾತನ್ನು ಮಾತ್ರ ಆ ಕಡೆಗೆ ಕಳಿಸುತ್ತದೆ. ನಮ್ಮ ತಂಡಕ್ಕೆ ಅದರ ಬಗ್ಗೆ ಹೆಮ್ಮೆ ಇತ್ತು. ಒಂದು ಸಂಜೆ ಅಕ್ಕನ ಮಗಳು ಕಾಲ್ ಮಾಡಿ, "ಮಾಮ, ಹೊಸ ಹಾಡು ಕಲಿತಿದೀನಿ" ಎಂದು ಹಾರ್ಮೋನಿಯಂ ಇಟ್ಟುಕೊಂಡು ಹಾಡಿದಳು. ನನಗೆ ಕೇಳಿಸಿದ್ದು ತುಂಡು ತುಂಡು. ಹಾರ್ಮೋನಿಯಂ ಬಂದು ಬಂದು ಮಾಯವಾಗುತ್ತಿತ್ತು, ಎಳೆದ ಸ್ವರಗಳೆಲ್ಲ ನಡುವೆ ಕಡಿದುಹೋಗುತ್ತಿದ್ದವು. ನೆಟ್‌ವರ್ಕ್ ಸರಿಯಾಗಿತ್ತು. ತಪ್ಪು ನಮ್ಮದೇ ಸಾಫ್ಟ್‌ವೇರಿನದು. ಅದಕ್ಕೆ ಮಾತು ಗೊತ್ತು, ಗದ್ದಲ ಗೊತ್ತು. ಹಾಡು ಅದರ ಲೆಕ್ಕದಲ್ಲಿ ಗದ್ದಲದ ಕಡೆಗೆ ಹೋಗುತ್ತಿತ್ತು.

ಮಗು ಪೂರ್ತಿ ಹಾಡಿ, "ಹೆಂಗಿತ್ತು ಮಾಮ?" ಎಂದಳು. ಚೆನ್ನಾಗಿತ್ತು ಕಣೇ ಎಂದೆ. ಫೋನ್ ಇಟ್ಟ ಮೇಲೆ ಒಂಬತ್ತು ವರ್ಷದ ಹಿಂದೆ ಅಪ್ಪ ಹೇಳಿದ ಮಾತು ನೆನಪಾಯಿತು. ಕಿವಿಯ ಮಿಷನ್ನನ್ನೂ ಮಾತಿಗಾಗಿಯೇ ಹೊಂದಿಸಿರುತ್ತಾರೆ. ಮೆಲ್ಲಗಿನದನ್ನು ಎತ್ತರಿಸಿ, ಜೋರಾದದ್ದನ್ನು ತಗ್ಗಿಸಿ, ಎಡೆಬಿಡದೆ ಬರುವ ಸದ್ದನ್ನು ಗದ್ದಲ ಎಂದು ಕತ್ತರಿಸುತ್ತದೆ. ಅಪ್ಪ ಇದನ್ನೇ ಒಂದು ಮಾತಿನಲ್ಲಿ ಸರಿಯಾಗಿ ಹೇಳಿದ್ದರು. ಇಂಜಿನಿಯರ್ ಮಗನಿಗೆ ಅರ್ಥವಾಗಲು ಒಂಬತ್ತು ವರ್ಷ ಬೇಕಾಯಿತು.

ಓಡಾಟ ಶುರುವಾದ ಮೇಲೆ ಅಪ್ಪನನ್ನು ಬೆಂಗಳೂರಿಗೆ ಕರೆಸಿ ಶ್ರವಣ ತಜ್ಞರ ಹತ್ತಿರ ಕರೆದುಕೊಂಡು ಹೋದೆ. ಹೊಸ ಮಿಷನ್‌ಗಳಲ್ಲಿ ಸಂಗೀತಕ್ಕೆ ಬೇರೆಯೇ ಒಂದು ಹೊಂದಿಕೆ ಇರುತ್ತದೆ. ಅದನ್ನು ಹಾಕಿಸಿದೆವು. ಪೂರ್ತಿ ಸರಿಹೋಗಲಿಲ್ಲ, ಸತ್ತ ರೋಮಕೋಶ ಯಾವ ಮಿಷನ್ನಿಗೂ ಬದುಕುವುದಿಲ್ಲ. ಒಂದು ಭಾನುವಾರ ಮನೆಯಲ್ಲಿ 'ಕಸ್ತೂರಿ ನಿವಾಸ' ಹಾಕಿದೆ. ಅಪ್ಪ ಟೀವಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಬೊಂಬೆಯ ಹಾಡು ಎರಡನೆಯ ಸಲ ಬಂತು. ಅಪ್ಪನ ಕಣ್ಣಲ್ಲಿ ನೀರು. ನನಗೆ ಖುಷಿಯಾಯಿತು, ಅಂತೂ ಕೇಳಿಸಿತಲ್ಲ ಎಂದು. "ಹಾಡು ಕೇಳಿಸ್ತಾ ಅಪ್ಪ?" ಎಂದು ಬರೆದು ತೋರಿಸಿದೆ. ಅಪ್ಪ ಕೈ ಆಡಿಸಿದರು. "ಅರ್ಧಂಬರ್ಧ. ಆದ್ರೂ ಆ ಹಾಡು ನಂಗೆ ಮಿಷನ್ ಇಲ್ಲದಾಗ್ಲೂ ಕೇಳುಸ್ತಿತ್ತು. ಆವಯ್ಯನ ಮುಖ ನೋಡಿದ್ರೆ ಸಾಕು."

ಹುಡುಗನಾಗಿದ್ದಾಗ ನಾನು ನೋಡದೆ ಕೇಳಿದ ದೃಶ್ಯವನ್ನು ಅಪ್ಪ ಇಷ್ಟು ವರ್ಷ ಕೇಳದೆ ನೋಡುತ್ತಿದ್ದರು. ಹಾಡು ಒಳಗೆ ಕೂತಿತ್ತು. ಸಂಗೀತ ದೃಶ್ಯವನ್ನು ಹಿಡಿದಿಡುತ್ತದೆ ಎಂದು ನಾನು ಶುರುವಿನಲ್ಲಿ ಹೇಳಿದ್ದು ಈ ಅರ್ಥದಲ್ಲಿ.

ಆಮೇಲಿನ ವರ್ಷ, 2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ ತೀರಿಕೊಂಡ ದಿನ. ಆ ವಾರ ನಮ್ಮೂರಲ್ಲಿ, ನಿಮ್ಮೂರಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಆಟೋದಲ್ಲಿ ಯಾವ ಹಾಡು ಕೇಳುತ್ತಿತ್ತು ಎಂದು ನಿಮಗೆ ಗೊತ್ತು. 2017ರ 'ರಾಜಕುಮಾರ' ಚಿತ್ರದ ಬೊಂಬೆಯ ಹಾಡು, ವಿ. ಹರಿಕೃಷ್ಣ ಸಂಗೀತ, ವಿಜಯ ಪ್ರಕಾಶ್ ದನಿ. ತಂದೆಯ 'ಕಸ್ತೂರಿ ನಿವಾಸ'ದ ಬೊಂಬೆಯನ್ನು ನೆನಪಿಸಲೆಂದೇ ಮಾಡಿದ ಹಾಡು. ನಾಲ್ಕು ವರ್ಷ ಜನ ಅದನ್ನು ಖುಷಿಯಲ್ಲಿ ಹಾಡಿದ್ದರು, ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲೂ ಮಕ್ಕಳು ಕುಣಿದಿದ್ದರಂತೆ. ಆ ವಾರ ಅದೇ ಹಾಡು ಬೀಳ್ಕೊಡುಗೆಯ ಹಾಡಾಯಿತು. ಒಂದು ಅಕ್ಷರ ಬದಲಾಗಲಿಲ್ಲ, ಒಂದು ಸ್ವರ ಬದಲಾಗಲಿಲ್ಲ. 'ಕಸ್ತೂರಿ ನಿವಾಸ'ಕ್ಕೆ ಅವತ್ತಿಗೆ ಐವತ್ತು ವರ್ಷ. ಚಿತ್ರದೊಳಗೆ ಒಂದು ಧಾಟಿಗೆ ಆದದ್ದೇ, ಇಲ್ಲಿ ನಮ್ಮೆಲ್ಲರ ಕಣ್ಣ ಮುಂದೆ ಇನ್ನೊಂದು ಹಾಡಿಗೆ ಆಯಿತು.

ನನ್ನ ಸಮಯ ಮುಗಿಯುತ್ತಾ ಬಂತು, ನಿರೂಪಣೆ ಮಾಡುತ್ತಿರುವ ಮೇಡಂ ಎರಡು ಸಲ ನೋಡಿದರು. ಎರಡು ಮಾತು ಹೇಳಿ ಮುಗಿಸುತ್ತೇನೆ.

ಒಂದು, ನಮ್ಮ 2005ರ ಬ್ಯಾಚಿನವರು ಸೇರಿ ಶಾಲೆಗೆ ಒಂದು ಹಾರ್ಮೋನಿಯಂ, ಒಂದು ಜೊತೆ ತಬಲ, ಒಂದು ಒಳ್ಳೆಯ ಸ್ಪೀಕರ್ ಕೊಡುತ್ತಿದ್ದೇವೆ. ಬೀರುವಿನಲ್ಲಿ ಬೀಗ ಹಾಕಿ ಇಡಬೇಡಿ ಎಂದು ಮುಖ್ಯೋಪಾಧ್ಯಾಯರಲ್ಲಿ ಪ್ರಾರ್ಥನೆ. ಮಕ್ಕಳು ಮುಟ್ಟಲಿ, ಕೆಟ್ಟರೆ ರಿಪೇರಿ ನಮ್ಮದು. ಜೊತೆಗೆ ವರ್ಷಕ್ಕೊಂದು ಸಲ ಮಕ್ಕಳ ಮತ್ತು ಪೋಷಕರ ಕಿವಿ ತಪಾಸಣೆ ಮಾಡಿಸುವ ಖರ್ಚನ್ನೂ ನಾವು ನೋಡಿಕೊಳ್ಳುತ್ತೇವೆ. ಮಿಲ್ಲಿಗೆ, ಕ್ರಷರ್‌ಗೆ ಕೆಲಸಕ್ಕೆ ಹೋಗುವ ಅಪ್ಪ ಅಮ್ಮಂದಿರು ತಪ್ಪದೆ ಬರಬೇಕು.

ಎರಡನೆಯದು ಮಕ್ಕಳಿಗೆ. ನಿಮ್ಮ ಅಪ್ಪನೋ ಅಜ್ಜನೋ ಸಭೆಯಲ್ಲಿ ಜೋರಾಗಿ ಮಾತಾಡಿದರೆ ಕಿಟಕಿಯ ಕಡೆ ನೋಡಬೇಡಿ. ಅವರ ಹತ್ತಿರ ಕೂತು, ಅವರು ಚಿಕ್ಕವರಿದ್ದಾಗ ನೋಡಿದ ಸಿನಿಮಾ ಯಾವುದು, ಯಾವ ದೃಶ್ಯ ನೆನಪಿದೆ ಎಂದು ಕೇಳಿ. ದೃಶ್ಯ ಹೇಳಲು ಶುರು ಮಾಡುತ್ತಾರೆ, ನಡುವೆ ಎಲ್ಲೋ ಒಂದು ಕಡೆ ನಿಲ್ಲಿಸಿ ಗುನುಗುತ್ತಾರೆ. ಶ್ರುತಿ ತಪ್ಪಿರುತ್ತದೆ. ತಿದ್ದಲು ಹೋಗಬೇಡಿ.

ನನ್ನ ಅಪ್ಪನಿಗೆ ಈ ಭಾಷಣವನ್ನು ನಿನ್ನೆ ರಾತ್ರಿಯೇ ಬರೆದು ಓದಲು ಕೊಟ್ಟಿದ್ದೆ. ಪೋಷಕರ ಸಭೆಯ ವಿಷಯ ಓದಿ, "ಅವತ್ತು ನೀನು ಕಿಟಕಿ ನೋಡಿದ್ದು ನಂಗೆ ಗೊತ್ತು ಬಿಡು" ಎಂದರು. ಆಮೇಲೆ ಕನ್ನಡಕ ಸರಿ ಮಾಡಿಕೊಂಡು, ಎಮ್ಮೆಯ ಹಾಡಿನ ಇಸವಿ ಸರಿಯಾಗಿದೆಯಾ ನೋಡಿಕೋ ಎಂದರು. ನೋಡಿಕೊಂಡಿದ್ದೇನೆ, ಸರಿಯಾಗಿದೆ.